ಕಾದಂಬರಿ ಬರೆಯಹೊರಟವರ ಕೆಲವು ಪ್ರಶ್ನೆಗಳು

ನನ್ನ ಮೊದಲ ಕಾದಂಬರಿ ಇನ್ನೂ ಅಚ್ಚಾಗಿಲ್ಲ. ಅದೀಗ ಮೂರನೆಯ ಸಲದ ತಿದ್ದುಪಡಿಯಲ್ಲಿದೆ. ಆದುದರಿಂದ ಪ್ರಶಸ್ತಿ, ವಿಮರ್ಶೆಗಳ ಬಗ್ಗೆ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಬರವಣಿಗೆಯ ದಿನಚರಿಯ ಬಗ್ಗೆ ಕೇಳುವವರಿಗೆ ಒಂದಿಷ್ಟು ಹೇಳಬಲ್ಲೆ.

ನೌಕರಿಯ ನಡುವೆ ಸಮಯವೆಲ್ಲಿ ಎಂಬುದು ಎಲ್ಲರ ಮೊದಲ ಪ್ರಶ್ನೆ. ದಿನಕ್ಕೆ 300 ಪದಗಳಂತೆ ವಾರಕ್ಕೆ ಐದು ದಿನ ಬರೆದರೆ, ಹಬ್ಬ, ಜ್ವರ, ನೆಂಟರ ಮದುವೆಗಳನ್ನೆಲ್ಲ ಕಳೆದರೂ ವರ್ಷಕ್ಕೆ 60,000 ಪದಗಳಾಗುತ್ತವೆ. ಕಾದಂಬರಿಗಳು ಸಾಮಾನ್ಯವಾಗಿ ಅಚ್ಚಾಗುವ ಡೆಮಿ ಆಕಾರದಲ್ಲಿ ಅದು ಸುಮಾರು 250 ಪುಟ. ಬೆಳಗಿನ ಜಾವವೋ ರಾತ್ರಿಯೋ ಎಂಬ ಚರ್ಚೆಯಲ್ಲಿ ಹುರುಳಿಲ್ಲ.

ಸಂಭಾಷಣೆಯನ್ನು ಯಾವ ಕನ್ನಡದಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಮಾತ್ರ ನಿಧಾನವಾಗಿ ಉತ್ತರಿಸಬೇಕು. ನನ್ನ ಮೊದಲ ಕರಡಿನಲ್ಲಿ ಮದ್ದೂರು ಕಡೆಯ ಅಜ್ಜಿಯೊಬ್ಬಳು ಮೊಮ್ಮಗನಿಗೆ "ಊಟ ಮಾಡಿಕೊಂಡು ಹೋಗು, ಮಳೆ ಬರುತ್ತದೆ" ಎನ್ನುತ್ತಿದ್ದಳು. ಗಟ್ಟಿಯಾಗಿ ಓದಿದಾಗ ಅದು ಅಜ್ಜಿಯ ಮಾತಾಗಿರದೆ ಪಠ್ಯಪುಸ್ತಕದ ವಾಕ್ಯವಾಗಿತ್ತು. "ಉಂಡ್ಬುಟ್ಟು ಹೋಗ್ಲಾ, ಮಳೆ ಬತ್ತದೆ" ಎಂದು ತಿದ್ದಿದ ಮೇಲೆ ಅವಳು ಜಗಲಿಯಲ್ಲಿ ಕೂತಿರುವುದು ನನಗೇ ಕಾಣಿಸಿತು. ಆದರೆ ಉತ್ಸಾಹದಲ್ಲಿ ಎರಡು ಅಧ್ಯಾಯಗಳಾಚೆ ಅವಳ ಬಾಯಲ್ಲಿ "ಐತೆ" ಎಂದು ಬರೆದುಬಿಟ್ಟಿದ್ದೆ. ಮಂಡ್ಯ, ಮೈಸೂರು ಕಡೆಯವರು "ಅದೆ" ಎನ್ನುತ್ತಾರೆ. "ಐತೆ" ತುಮಕೂರು ಸೀಮೆಯ ಬಳಕೆ, ಧಾರವಾಡದ ಕಡೆ ಅದೇ "ಐತಿ" ಆಗುತ್ತದೆ. ಹೀಗಾಗಿ ಪ್ರತಿ ಪಾತ್ರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟವನ್ನು ಮೀಸಲಿಟ್ಟು, ಆ ಪಾತ್ರ ಬಳಸುವ ಕ್ರಿಯಾರೂಪಗಳನ್ನೂ ಅವುಗಳ ಕಾಗುಣಿತವನ್ನೂ ಬರೆದುಕೊಳ್ಳಿ. ನಿಮ್ಮ ಕಿವಿಗೆ ಪರಿಚಯವಿಲ್ಲದ ಸೀಮೆಯ ಮಾತನ್ನು ಊಹಿಸಿ ಬರೆಯುವುದಕ್ಕಿಂತ ಆ ಪಾತ್ರದಿಂದ ಕಡಿಮೆ ಮಾತಾಡಿಸುವುದು ಮೇಲು.

ಕರಡನ್ನು ಯಾರಿಗೆ ತೋರಿಸಬೇಕು? ಕಥೆಯ ಊರನ್ನು ಬಲ್ಲ ಒಬ್ಬರಿಗೆ, ಅರಿಯದ ಒಬ್ಬರಿಗೆ. ಮನೆಯವರು ಹೊಗಳುತ್ತಾರೆ, ಇಲ್ಲವೇ ತಮ್ಮನ್ನೇ ಅದರಲ್ಲಿ ಹುಡುಕುತ್ತಾರೆ.

ಬೆರಳಚ್ಚಿಗೆ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳನ್ನೇ ಬಳಸಿ. ಮುದ್ರಣದ ಪುಟವಿನ್ಯಾಸಕ್ಕಾಗಿ 'ನುಡಿ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಿಗೆ ಪರಿವರ್ತಿಸಬೇಕಾಗಿ ಬಂದರೆ, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ನನ್ನ ಹಸ್ತಪ್ರತಿಯಲ್ಲಿ ಒಂದು ಬಸ್ಸಿನ ನೋಂದಣಿ ಸಂಖ್ಯೆ ಹಾಗೆ ಕೆಟ್ಟಿತ್ತು. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳನ್ನು ಕಾಗದದ ಮೇಲೆಯೇ ಪರಿಶೀಲಿಸಿ.

ಇನ್ನು ಪ್ರಕಾಶಕರ ವಿಚಾರ. ಪ್ರತಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ಭಾರತದಲ್ಲಿ ಶುಲ್ಕವಿಲ್ಲ. ಅದಕ್ಕೆಂದೇ ಯಾರಾದರೂ ಹಣ ಕೇಳಿದರೆ ಎಚ್ಚರವಹಿಸಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯಿದೆ, ಅದರ ಪ್ರಕಟಣೆಯನ್ನು ಗಮನಿಸುತ್ತಿರಿ. ಬಾಯಿಮಾತಿನ ಒಪ್ಪಂದ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಅದಕ್ಕೆ ಸಹಿಯಿರಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ಎಷ್ಟು ಪ್ರತಿ, ಎಷ್ಟು ಗೌರವಧನ, ಅನುವಾದ ಮತ್ತು ಸಿನಿಮಾ ಹಕ್ಕು ಯಾರದು ಎಂಬುದನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ.