ಅಮ್ಮನ ಹತ್ತು ಗಂಟೆಯ ಮಾತ್ರೆ

ಕಳೆದ ವರ್ಷ ಡಿಸೆಂಬರಿನಲ್ಲಿ ಎರಡು ವಾರದೊಳಗೆ ಮನೆಗೆ ಎರಡು ಸಿಹಿ ಸುದ್ದಿ ಬಂದವು. ಮಗಳು ಹೆರಿಗೆಗೆ, ಬಾಣಂತನಕ್ಕೆ ಬರುತ್ತಾಳೆ. ನನಗೆ ಮುಖ್ಯ ಶಿಕ್ಷಕಿಯಾಗಿ ಬಡ್ತಿ, ಸಾಗರದಿಂದ 22 ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಗೆ. ಒಳಕೋಣೆಯಲ್ಲಿ 78ರ ಅಮ್ಮ, ಪಾರ್ಕಿನ್ಸನ್ ಶುರುವಾಗಿ ಆರನೇ ವರ್ಷ. ಬಡ್ತಿ ಬೇಡ ಅಂತ ಅರ್ಜಿ ಬರೆದಿಟ್ಟಿದ್ದೆ. ಅಮ್ಮ ಅದನ್ನು ಓದಿಸಿ ಕೇಳಿದಳು. "ಇಪ್ಪತ್ತಾರು ವರ್ಷ ಪಾಠ ಮಾಡಿದೀಯ. ನನ್ನ ಹೆಸರು ಹೇಳಿ ಇದನ್ನ ಬಿಡಬೇಡ" ಅಂದಳು. ಈ ಕಾಯಿಲೆ ಅವಳ ದನಿಯನ್ನು ತೀರಾ ಸಣ್ಣದು ಮಾಡಿಬಿಟ್ಟಿದೆ. ಕಿವಿ ಹತ್ತಿರ ಹಿಡಿದರೆ ಮಾತ್ರ ಕೇಳುತ್ತದೆ.

ಮೊದಲು ನಾನು ದಿನವನ್ನು ಜನರ ಲೆಕ್ಕದಲ್ಲಿ ಪಾಲು ಮಾಡಿದೆ. ಬೆಳಗ್ಗೆ ಅಮ್ಮನಿಗೆ, ಹಗಲು ಶಾಲೆಗೆ, ಸಂಜೆ ಮಗಳಿಗೆ. ಆ ಲೆಕ್ಕ ಹೆರಿಗೆಯ ದಿನವೇ ಕುಸಿಯಿತು. ನಾನು, ನಮ್ಮವರು ಇಬ್ಬರೂ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆವು. ಪಕ್ಕದ ಮನೆಯವರು ಅಮ್ಮನಿಗೆ ಊಟ ಬಡಿಸಿ, ಚೆನ್ನಾಗಿಯೇ ನೋಡಿಕೊಂಡು ಹೋಗಿದ್ದರು. ಮಧ್ಯಾಹ್ನ ಎರಡರ ಮಾತ್ರೆ ಮಾತ್ರ ತಪ್ಪಿತ್ತು. ಸಂಜೆ ನಮ್ಮವರು ಬಂದು ನೋಡಿದಾಗ ಅಮ್ಮ ಕುರ್ಚಿಯಲ್ಲಿ ಕೊರಡಿನ ಹಾಗೆ ಬಿಗಿದು ಕೂತಿದ್ದಳು. ಬಚ್ಚಲಿಗೆ ಏಳಲಾಗಿಲ್ಲ. ಕೂಗಿದರೂ ಯಾರಿಗೂ ಕೇಳಿಲ್ಲ. ಸೀರೆ ಒದ್ದೆ. ಮೊಮ್ಮಗಳು ಹುಟ್ಟಿದ ದಿನ ನೆನೆದರೆ ನನಗೆ ಇವತ್ತಿಗೂ ಆ ಒದ್ದೆ ಸೀರೆಯೂ ನೆನಪಾಗುತ್ತದೆ. ಪಕ್ಕದ ಮನೆಯವರದೇನೂ ತಪ್ಪಿರಲಿಲ್ಲ. ಎರಡರ ಮಾತ್ರೆ ನನ್ನ ತಲೆಯೊಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಆಮೇಲೆ ನರರೋಗದ ವೈದ್ಯರ ಹತ್ತಿರ ಒಂದು ತಾಸು ಕೂತು ಎಲ್ಲವನ್ನೂ ಹೊಸದಾಗಿ ಕೇಳಿ ತಿಳಿದುಕೊಂಡೆ. ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಕಡಿಮೆಯಾಗುವ ಕಾಯಿಲೆ ಇದು. ಲೆವೊಡೋಪಾ ಮಾತ್ರೆ ಆ ಕೊರತೆ ತುಂಬುತ್ತದೆ, ಆದರೆ ಕೆಲವೇ ಗಂಟೆ. ಕಾಯಿಲೆ ಹಳತಾದಂತೆ ಮಾತ್ರೆಯ ಬಲ ಬೇಗ ಇಳಿಯುತ್ತದೆ, ಹಾಗಾಗಿ ಹೊತ್ತು ತಪ್ಪಬಾರದು. ಹಾಲು, ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನು ಮಾತ್ರೆ ರಕ್ತಕ್ಕೆ ಸೇರುವುದಕ್ಕೆ ಅಡ್ಡ ಬರುತ್ತದಂತೆ. ಐದು ವರ್ಷ ನಾವು ಬೆಳಗಿನ ಮಾತ್ರೆಯನ್ನು ಬಿಸಿ ಹಾಲಿನಲ್ಲೇ ಕೊಟ್ಟಿದ್ದೆವು! ಈಗ ಬರೀ ನೀರು, ತಿಂಡಿ ಅರ್ಧ ಗಂಟೆಯ ಮೇಲೆ. ವೈದ್ಯರು ಹೇಳಿದ ಹಾಗೆ ಬೇಳೆಯ ಪಾಲು ಹೆಚ್ಚಾಗಿ ರಾತ್ರಿ ಊಟಕ್ಕೆ.

ಆರು, ಹತ್ತು, ಎರಡು, ಮತ್ತೆ ಆರು. ಮನೆಯಲ್ಲಿ ಜರುಗಿಸಲಾಗದ್ದು ಈ ನಾಲ್ಕು ಹೊತ್ತು ಮಾತ್ರ ಎಂದು ಗೊತ್ತುಮಾಡಿಕೊಂಡ ಮೇಲೆ ಉಳಿದದ್ದೆಲ್ಲ ಅದರ ಸುತ್ತ ಕೂರುತ್ತಾ ಬಂತು. ಅಮ್ಮನ ಕೋಣೆಯ ಗೋಡೆಗೆ ಶಾಲೆಯ ಹಳೇ ಸ್ಲೇಟು ತೂಗುಹಾಕಿ, ಹೊತ್ತಿನ ಎದುರು ಕೊಡುವವರ ಹೆಸರು ಬರೆದೆ. ಬೆಳಗಿನ ಆರು ನನ್ನದು, ಹತ್ತು ನಮ್ಮವರದು. ಎರಡರ ಮಾತ್ರೆಯನ್ನು ಬಾಣಂತಿಯ ತಲೆಗೆ ಕಟ್ಟಲು ನನಗೆ ಮನಸ್ಸಿರಲಿಲ್ಲ. ಮಗಳೇ ಸ್ಲೇಟಿನಲ್ಲಿ ತನ್ನ ಹೆಸರು ಬರೆದಳು. "ಅಮ್ಮಾ, ನಾನು ಬಾಣಂತಿ, ರೋಗಿಯಲ್ಲ. ಅಜ್ಜಿ ಹತ್ರ ಕೂತೇ ಹಾಲು ಕುಡಿಸ್ತೀನಿ" ಅಂದಳು. ಸಂಜೆ ಆರಕ್ಕೆ ನಾನು ಮನೆಯಲ್ಲಿರಬೇಕಾದರೆ ಐದರ ಬಸ್ಸು ಹಿಡಿಯಲೇಬೇಕು. ಶಾಲೆಗೆ ಸೇರಿದ ಮೊದಲ ವಾರವೇ ಸಹೋದ್ಯೋಗಿಗಳಿಗೆ ಇದನ್ನು ಬಿಚ್ಚಿ ಹೇಳಿ, ಸಭೆಗಳನ್ನು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಇಟ್ಟುಕೊಂಡೆ. ಮುಚ್ಚಿಟ್ಟಿದ್ದರೆ ದಿನಾ ಒಂದು ನೆಪ ಹುಡುಕಬೇಕಿತ್ತು.

ಸ್ನಾನದ್ದೂ ಹೀಗೆಯೇ. ನಾನು ಬಸ್ಸಿಗೆ ಹೋಗುವ ಮುಂಚೆ ಆಗಲಿ ಅಂತ ಏಳಕ್ಕೇ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದೆ. ಮೈ ಇನ್ನೂ ಸಡಿಲವಾಗಿರುತ್ತಿರಲಿಲ್ಲ, ಇಬ್ಬರಿಗೂ ಕಷ್ಟ. ಮಗುವಿಗೂ ಬಾಣಂತಿಗೂ ನೀರು ಹಾಕಲು ಬರುವವರನ್ನು ಕೇಳಿಕೊಂಡು, ಸ್ವಲ್ಪ ಹೆಚ್ಚು ಕೊಟ್ಟು, ಅಮ್ಮನನ್ನೂ ಒಪ್ಪಿಸಿದೆವು. ಹತ್ತರ ಮಾತ್ರೆ ಹಿಡಿದ ಮೇಲೆ, ಹನ್ನೊಂದರ ಹೊತ್ತಿಗೆ, ಅದೇ ಹಂಡೆಯ ನೀರು. ಎಣ್ಣೆ ತಿಕ್ಕಿಸಿಕೊಂಡ ದಿನ ಅಮ್ಮನ ಮುಖ ನೋಡಬೇಕಿತ್ತು.

ಹುಬ್ಬಳ್ಳಿಯ ತಮ್ಮ ಪ್ರತಿ ಸಲ ಫೋನಿನಲ್ಲಿ "ಅಕ್ಕಾ, ಏನಾದ್ರೂ ಬೇಕಾ?" ಅನ್ನುತ್ತಿದ್ದ, ನಾನು ಪ್ರತಿ ಸಲ "ಏನೂ ಬೇಡ ಮಾರಾಯ" ಅನ್ನುತ್ತಿದ್ದೆ. ಮಗಳ ಮನೆಯಲ್ಲಿ ಇದ್ದೇನೆ ಅನ್ನುವ ಮುಜುಗರ ಅಮ್ಮನಿಗೆ ಒಳಗೊಳಗೇ ಇತ್ತು. ತಮ್ಮನನ್ನು ಕೇಳಿದರೆ ಅದು ಹೆಚ್ಚಾದೀತೆಂದು ನನ್ನ ಅಳುಕು. ಕೊನೆಗೆ ಕೇಳಿದೆ, ಕರಾರುವಾಕ್ಕಾಗಿ. ಮಾತ್ರೆ ತರಿಸುವುದು ನಿನ್ನದು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹತ್ತು ದಿನ ಬಂದು ಅಮ್ಮನ ಜೊತೆ ಇರು. ಅವನು ಹನ್ನೆರಡು ದಿನ ಇದ್ದ. ಕೇಳದೆಯೇ ಇಷ್ಟು ವರ್ಷ ಒಳಗೇ ಸಿಟ್ಟು ಇಟ್ಟುಕೊಂಡಿದ್ದೆನಲ್ಲ ಅಂತ ನನಗೇ ನೋವಾಯಿತು.

ಬೆಳಗಿನ ಐದರಿಂದ ಐದೂವರೆ ಮಾತ್ರ ನಾನು ಯಾರಿಗೂ ಕೊಟ್ಟಿಲ್ಲ. ಆಗ ಮೊಮ್ಮಗಳು ನನ್ನ ತೊಡೆಯ ಮೇಲೆ. ಸ್ಲೇಟಿನಲ್ಲಿ ಇಲ್ಲದ ಹೊತ್ತು ಅದು.

ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ನಾಮಕರಣ. ಅಮ್ಮನಿಗೆ ಹನ್ನೊಂದರಿಂದ ಹನ್ನೆರಡೂವರೆ ಒಳ್ಳೆಯ ಹೊತ್ತು, ಅಷ್ಟರೊಳಗೆ ಮುಹೂರ್ತ ಸಿಕ್ಕೀತೇ ಅಂತ ಪುರೋಹಿತರನ್ನು ಸಂಕೋಚದಿಂದಲೇ ಕೇಳಿದೆ. "ಅಭಿಜಿನ್ ಇದೆಯಲ್ಲ, ನಡು ಮಧ್ಯಾಹ್ನ. ಅಜ್ಜಿಗೋಸ್ಕರ ಅದನ್ನೇ ಇಡೋಣ" ಅಂದರು.

ಇನ್ನೊಂದು ಭಯ ಹೊಸ್ತಿಲಿನದು. ಬಾಗಿಲ ಬಳಿ ಬಂದರೆ ಅಮ್ಮನ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಈ ಕಾಯಿಲೆಯಲ್ಲಿ ಹಾಗಾಗುತ್ತದೆ. ನೆಲದ ಮೇಲೆ ಅಡ್ಡಗೆರೆ ಇದ್ದರೆ ಅದನ್ನು ದಾಟುವ ನೆಪದಲ್ಲಿ ಕಾಲು ಏಳುತ್ತದೆ ಎಂದು ಫಿಸಿಯೋಥೆರಪಿಯವರು ತೋರಿಸಿಕೊಟ್ಟಿದ್ದರು. ಅವತ್ತು ಮಗಳು ಬೆಳಗ್ಗೆ ಎದ್ದು, ಒಳಕೋಣೆಯಿಂದ ತೊಟ್ಟಿಲವರೆಗೆ ಒಂದೊಂದು ಹೆಜ್ಜೆಗೆ ಒಂದೊಂದರಂತೆ ರಂಗೋಲಿಯ ಗೆರೆ ಎಳೆದಳು. ಅಮ್ಮ ತಮ್ಮನ ಕೈ ಹಿಡಿದು ಒಂದೊಂದೇ ಗೆರೆ ದಾಟಿದಳು, ಹೊಸ್ತಿಲನ್ನೂ ದಾಟಿದಳು. ತೊಟ್ಟಿಲ ಬಳಿ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಸ್ವಲ್ಪ ಜೋರಾಗಿ ಹೇಳಮ್ಮ ಅಂತ ಯಾರೂ ಹೇಳಬೇಕಾಗಿ ಬರಲಿಲ್ಲ.

ಎರಡು ಗಂಟೆಗೆ ನಾನು ಬಡಿಸುವ ಗಡಿಬಿಡಿಯಲ್ಲಿದ್ದೆ. ಅಳಿಯಂದಿರ ಜೇಬಿನಲ್ಲಿ ಅಲಾರಂ ಹೊಡೆಯಿತು. ಅವರು ಎಲೆ ಬಿಟ್ಟು ಎದ್ದು, ಕೈ ತೊಳೆದು, ನೀರಿನ ಲೋಟ ಹಿಡಿದು ಒಳಕೋಣೆಗೆ ಹೋದರು.