ನೆಲಕ್ಕಿಳಿಸಿ, ಆಮೇಲೆ ಬಿಗಿ ಮಾಡಿ: ಎಂಜಿಬಿ ಕಾರಿನ ಹಿಂದಿನ ಸಸ್ಪೆನ್ಷನ್ ಮನೆಯಲ್ಲೇ

ಮೊದಲ ಸಲ ನನ್ನ ಎಂಜಿಬಿಯ ಹಿಂದಿನ ಸ್ಪ್ರಿಂಗ್ ಬದಲಿಸಿದಾಗ ಕಾರು ತುದಿಗಾಲಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಹೊಸ ಸ್ಪ್ರಿಂಗ್ ಅಲ್ವಾ, ಗಟ್ಟಿಯಾಗಿದೆ ಅಂದುಕೊಂಡೆ. ಆರೇ ತಿಂಗಳಲ್ಲಿ ಸ್ಪ್ರಿಂಗ್‌ನ ಮುಂದಿನ ತುದಿಯ ಬುಷ್‌ನ, ಅಂದರೆ ಬೋಲ್ಟ್ ಸುತ್ತ ಕೂರುವ ಕೊಳವೆಯ, ರಬ್ಬರ್ ಹರಿದುಹೋಯಿತು. ತಪ್ಪು ಸ್ಪ್ರಿಂಗ್‌ನದ್ದಲ್ಲ, ಬುಷ್‌ನದ್ದೂ ಅಲ್ಲ. ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ನಾನು ಎಲ್ಲ ಬೋಲ್ಟ್‌ಗಳನ್ನೂ ಪೂರ್ತಿ ಬಿಗಿ ಮಾಡಿಬಿಟ್ಟಿದ್ದೆ. ಈ ಕೆಲಸದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಅದು ಇದು. ಉಳಿದದ್ದು ಬೆವರು, ತುಕ್ಕು ಮತ್ತು ತಾಳ್ಮೆ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ಪರದಾಡಬೇಕಿಲ್ಲ. ಮನೆಯಲ್ಲಿ ಮೊದಲ ಸಲ ಸಸ್ಪೆನ್ಷನ್‌ಗೆ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಹಳೆ ಸ್ಪೋರ್ಟ್ಸ್ ಕಾರು ಸಿಗುವುದು ಕಷ್ಟ. ಹಿಂದೆ ಇರುವುದು ಎರಡೂ ಚಕ್ರಗಳನ್ನು ಸೇರಿಸುವ ಒಂದು ಇಡೀ ಆಕ್ಸಲ್. ಅದರ ಎರಡು ಬದಿಗೆ ಎರಡು ಲೀಫ್ ಸ್ಪ್ರಿಂಗ್, ಅಂದರೆ ಲಾರಿಯ ಅಡಿಯಲ್ಲಿ ಕಾಣುವ ಅದೇ ಕಮಾನು ಪಟ್ಟಿ, ಅಷ್ಟೇ ಗಾತ್ರ ಚಿಕ್ಕದು. ಜೊತೆಗೆ ಕುಲುಕಾಟ ತಡೆಯುವ ಎರಡು ಆರ್ಮ್‌ಸ್ಟ್ರಾಂಗ್ ಲಿವರ್ ಡ್ಯಾಂಪರ್, ಆಕ್ಸಲ್ ಮೇಲೇರಿ ಬಾಡಿಗೆ ಬಡಿಯದಂತೆ ತಡೆಯುವ ರಬ್ಬರ್ ಬಂಪ್ ಸ್ಟಾಪ್, ಆಕ್ಸಲ್ ಜಾಸ್ತಿ ಕೆಳಗೆ ಇಳಿಯದಂತೆ ಹಿಡಿಯುವ ತಡೆಪಟ್ಟಿ. ಬಹುತೇಕ ಕಾರುಗಳಲ್ಲಿ ಇಷ್ಟೇ.

ಸರಳ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಕಮಾನು ಪಟ್ಟಿ ಬರೀ ಕಾರಿನ ಭಾರ ಹೊರುವುದಿಲ್ಲ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ, ಪಕ್ಕಕ್ಕೆ ಸರಿಯದಂತೆ ಹಿಡಿದಿಡುವುದೂ ಅದೇ. ಹಾಗೆ ಹಿಡಿಯಲು ಬೇರೆ ತೋಳು, ಸರಳು ಏನೂ ಇಲ್ಲ. ಮುಂದಿನ ಬುಷ್ ಸವೆದರೆ ಆಕ್ಸಲ್ ತನ್ನಿಷ್ಟಕ್ಕೆ ತುಸು ತಿರುಗುತ್ತದೆ. ತಿರುವಿನಲ್ಲಿ ಕಾರಿನ ಹಿಂಭಾಗ ತಾನೇ ಸ್ಟಿಯರಿಂಗ್ ಮಾಡಿದ ಹಾಗೆ ಅನಿಸುತ್ತದೆ. ಕ್ಲಚ್ ಬಿಟ್ಟಾಗ ಹಿಂದೆ 'ಧಡ್' ಅನ್ನುವ ಸದ್ದು, ಒಂದು ಬದಿ ಕುಸಿದು ನಿಂತ ಕಾರು, ಹೊಂಡದ ಮೇಲೆ ಹೋದ ನಂತರವೂ ನಿಲ್ಲದ ತೂಗಾಟ: ಇವು ಕಂಡರೆ ಕೆಲಸಕ್ಕೆ ಇಳಿಯುವ ಹೊತ್ತು ಬಂದಿದೆ.

ಬಿಚ್ಚುವ ಮೊದಲು

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು ಅನ್ನುವುದನ್ನೂ ಬರೆಯಿರಿ. ಈ ಚೀಟಿ ಕೊನೆಯಲ್ಲಿ ಬೇಕಾಗುತ್ತದೆ.

ಭಾಗಗಳನ್ನು ತರಿಸುವ ಮೊದಲು ಕಾರಿನ ಕೆಳಗೆ ಒಮ್ಮೆ ಇಣುಕಿ. ಆಕ್ಸಲ್ ನಡುವಿನ ದುಂಡನೆಯ ಉಬ್ಬಿನ ಹಿಂಬದಿಯಲ್ಲಿ ಬೋಲ್ಟ್ ಹಾಕಿದ ಮುಚ್ಚಳ ಕಂಡರೆ ಅದು ಟ್ಯೂಬ್ ಮಾದರಿ. ಹಿಂಬದಿ ನುಣುಪಾಗಿದ್ದರೆ ಹಳೆಯ ಬ್ಯಾಂಜೊ ಮಾದರಿ. ತೆರೆದ ರೋಡ್‌ಸ್ಟರ್‌ಗಳಿಗೆ 1967ರ ಹೊತ್ತಿಗೆ ಟ್ಯೂಬ್ ಆಕ್ಸಲ್ ಬಂತು. 1965ರಲ್ಲಿ ಬಂದ ಮುಚ್ಚಿದ ಜಿಟಿಗೆ ಶುರುವಿನಿಂದಲೂ ಅದೇ ಇತ್ತು. ಆಕ್ಸಲ್ಲನ್ನು ಸ್ಪ್ರಿಂಗ್‌ಗೆ ಕಟ್ಟುವ ಯು ಬೋಲ್ಟ್, ಅವೆರಡರ ನಡುವಿನ ರಬ್ಬರ್ ಪ್ಯಾಡ್ ಎರಡು ಮಾದರಿಗೂ ಬೇರೆ ಬೇರೆ. 1974ರ ಕೊನೆಗೆ ಕಪ್ಪು ರಬ್ಬರ್ ಬಂಪರ್ ಬಂದಾಗ ಕಾರಿನ ಎತ್ತರವನ್ನೂ ಹೆಚ್ಚಿಸಿದರು. ಆ ಸ್ಪ್ರಿಂಗ್‌ಗಳೂ ಬೇರೆ. ಜಿಟಿ ಜಾಸ್ತಿ ಭಾರ, ಅದರದ್ದು ಇನ್ನೂ ಬೇರೆ. ಸುಮ್ನೆ 'ಎಂಜಿಬಿ ಸ್ಪ್ರಿಂಗ್' ಅಂತ ಕೇಳಿ ತರಿಸಿದರೆ ನಿಮಗೆ ಸಿಗುವುದು ಬೇರೆ ಯಾರದೋ ಕಾರಿನ ಎತ್ತರ.

ಎರಡೂ ಬದಿಗೆ ಹೊಸ ಸ್ಪ್ರಿಂಗ್, ಬುಷ್, ಪ್ಯಾಡ್, ಯು ಬೋಲ್ಟ್, ತಾನೇ ಸಡಿಲವಾಗದ ನೈಲಾಕ್ ನಟ್, ತಡೆಪಟ್ಟಿ, ಬಂಪ್ ರಬ್ಬರ್ ತರಿಸಿಕೊಳ್ಳಿ. ಮುಂದಿನ ಬುಷ್ ಆಗಲೇ ಕೂರಿಸಿರುವ ಸ್ಪ್ರಿಂಗ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಅರ್ಧ ದಿನ ಉಳಿಯುತ್ತದೆ. ಪಾಲಿಯುರೇಥೇನ್ ಬುಷ್ ಗಟ್ಟಿ, ಬಾಳಿಕೆಯೂ ಚೆನ್ನ. ಆದರೆ ಮಾಮೂಲಿ ಓಡಾಟಕ್ಕೆ ನನ್ನ ಮತ ರಬ್ಬರಿಗೇ. ಅರವತ್ತು ವರ್ಷ ಹಳೆಯ ಕಾರಿನಲ್ಲಿ ಪ್ರತಿ ಕಲ್ಲೂ ಬೆನ್ನಿಗೆ ತಿಳಿಯಬೇಕಾಗಿಲ್ಲ.

ಈ ಕಾರಿನ ಹಿಂದಿನ ನಟ್ ಬೋಲ್ಟ್‌ಗಳು ಇಂಚಿನ ಅಳತೆಯವು. ಅರ್ಧ ಇಂಚು, 9/16, 3/4 ಎಎಫ್ (ನಟ್‌ನ ಎದುರು ಬದುರು ಮುಖಗಳ ನಡುವಿನ ಅಳತೆ) ಸ್ಪ್ಯಾನರ್‌ಗಳು ಬೇಕು. 3/4ಕ್ಕೆ 19 ಮಿ.ಮೀ. ಹೇಗೋ ಕೂರುತ್ತದೆ. ಅದನ್ನು ನೋಡಿ ಅರ್ಧ ಇಂಚಿಗೆ 13 ಮಿ.ಮೀ. ಹಾಕಿದಿರೋ, ನಟ್ ಮೂಲೆ ಉರುಟಾಗುತ್ತದೆ. ಕೆಲಸಕ್ಕೆ ಎರಡು ಮೂರು ದಿನ ಮೊದಲಿಂದಲೇ ಎಲ್ಲ ನಟ್‌ಗಳಿಗೂ ತುಕ್ಕು ಸಡಿಲಿಸುವ ಎಣ್ಣೆ ಹೊಡೆಯುತ್ತಾ ಬನ್ನಿ.

ಎತ್ತುವುದು

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ನೀವು ಎತ್ತುವುದೂ ಅವನ್ನೇ. ಅಂದರೆ ಕಾರು ಎದ್ದ ಕೂಡಲೇ ಬ್ರೇಕ್ ಇಲ್ಲದ ಹಾಗೆ. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಡಿ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಡಿಫರೆನ್ಷಿಯಲ್, ಅಂದರೆ ಆಕ್ಸಲ್ ನಡುವಿನ ಆ ದುಂಡನೆಯ ಉಬ್ಬಿನ ಕೆಳಗೆ ಟ್ರಾಲಿ ಜಾಕ್ ಇಟ್ಟು ಎತ್ತಿ. ಸ್ಪ್ರಿಂಗ್‌ನ ಮುಂದಿನ ತುದಿ ಕೂರುವ ಜಾಗಕ್ಕಿಂತ ತುಸು ಮುಂದೆ, ಬಾಡಿಗೇ ಬೆಸೆದಿರುವ ಚಾಸಿ ರೈಲ್ ಕೆಳಗೆ ಸ್ಟ್ಯಾಂಡ್ ಇಡಿ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ತುಕ್ಕು ಹಿಡಿದ ತಗಡಿನ ಕೆಳಗೆ ಸ್ಟ್ಯಾಂಡ್ ಇಟ್ಟರೆ ಅದು ಒಳಗೇ ಹೋಗುತ್ತದೆ. ಬಿಚ್ಚಿದ ಚಕ್ರಗಳನ್ನು ಬಾಗಿಲಿನ ಕೆಳಗಿನ ಅಂಚಿನ ಅಡಿಗೆ ತಳ್ಳಿಡಿ. ಏನಾದರೂ ಜಾರಿದರೆ ನಿಮ್ಮ ಎದೆಯ ಬದಲು ಟೈರ್ ಭಾರ ಹೊರಲಿ. ಜಾಕ್ ಮಾತ್ರ ನಂಬಿ ಕಾರಿನ ಕೆಳಗೆ ತೂರುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಜಾಕ್ ತೆಗೆಯಬೇಡಿ. ಆಕ್ಸಲ್ ಈಗ ಅದರ ಮೇಲೇ ಇರಬೇಕು.

ಒಂದೊಂದೇ ಬದಿ

ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚುವ ಆಸೆ ಬರುತ್ತದೆ. ಬೇಡ. ಒಂದು ಬದಿ ಕಟ್ಟಿದ ಹಾಗೇ ಇದ್ದರೆ ಆಕ್ಸಲ್ ಮಿಸುಕುವುದಿಲ್ಲ, ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕಾಗಿಲ್ಲ. ಯಾವ ವಾಷರ್ ಎಲ್ಲಿತ್ತು ಅನ್ನುವುದನ್ನು ನೋಡಲು ಮಾದರಿಯೂ ಪಕ್ಕದಲ್ಲೇ ಇರುತ್ತದೆ.

ಮೊದಲು ಡ್ಯಾಂಪರ್ ತೋಳಿಗೆ ಸೇರಿದ ಲಿಂಕ್ ಸರಳನ್ನು ಸ್ಪ್ರಿಂಗ್ ಕೆಳಗಿನ ತಟ್ಟೆಯಿಂದ ಬಿಡಿಸಿ. ಜಾಕ್ ಒಂಚೂರು ಮೇಲೆತ್ತಿ, ತಡೆಪಟ್ಟಿ ಸಡಿಲವಾದ ಮೇಲೆ ಅದನ್ನು ತೆಗೆಯಿರಿ. ಆಮೇಲೆ ಯು ಬೋಲ್ಟ್‌ಗಳು. ಒಂದು ಬದಿಗೆ ಎರಡು, ಅಂದರೆ ನಾಲ್ಕು ನಟ್. ತಿರುಗದಿದ್ದರೆ ಜಗಳ ಬೇಡ, ಕತ್ತರಿಸಿ. ಹೊಸದು ಹೇಗೂ ಇದೆ. ಆದರೆ ಆಕ್ಸಲ್ ಮೇಲೇ ಬ್ರೇಕ್ ಪೈಪ್ ಹಾದುಹೋಗುತ್ತದೆ. ಗ್ರೈಂಡರ್ ಒಮ್ಮೆ ಜಾರಿದರೆ ಅದೂ ಹೋಯಿತು. ನಾನು ಇಲ್ಲಿ ಹ್ಯಾಕ್ಸಾ ಬ್ಲೇಡ್ ಬಳಸುತ್ತೇನೆ. ನಿಧಾನ, ಆದರೆ ನೆಮ್ಮದಿ. ಆಕ್ಸಲ್ ಕೆಳಗಿಳಿಯುವಾಗ ಬ್ರೇಕ್‌ನ ರಬ್ಬರ್ ಹೋಸ್ ಬಿಗಿಯಾಗಿ ಎಳೆಯುತ್ತಿದೆಯಾ ಅಂತಲೂ ಕಣ್ಣಿಡಿ.

ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್‌ನ ನಟ್‌ಗಳನ್ನು ಬಿಚ್ಚಿ, ತಟ್ಟೆ ತೆಗೆದು, ಪಿನ್‌ಗಳನ್ನು ಹೊರಕ್ಕೆ ತಟ್ಟಿ. ಇಲ್ಲಿ ಪಿನ್ ಕಚ್ಚಿಕೊಂಡಿದ್ದರೆ ಗ್ಯಾಸ್ ಬೆಂಕಿ ಹಿಡಿಯುವ ಯೋಚನೆಯೇ ಬೇಡ. ಪೆಟ್ರೋಲ್ ಟ್ಯಾಂಕ್ ಅಲ್ಲೇ, ಡಿಕ್ಕಿಯ ಕೆಳಗೆ ಇದೆ.

ಕೊನೆಗೆ ಸ್ಪ್ರಿಂಗ್‌ನ ಮುಂದಿನ ತುದಿಯ ಬೋಲ್ಟ್. ಇಡೀ ಕೆಲಸದ ಖಳನಾಯಕ ಇವನೇ. ನಟ್ ಸಲೀಸಾಗಿ ಬರುತ್ತದೆ. ಬೋಲ್ಟ್ ಬರುವುದಿಲ್ಲ. ಬುಷ್ ಒಳಗಿನ ಉಕ್ಕಿನ ಕೊಳವೆ ಮತ್ತು ಬೋಲ್ಟ್ ತುಕ್ಕಿನಲ್ಲಿ ಒಂದೇ ಆಗಿರುತ್ತವೆ. ನೀವು ಬೋಲ್ಟ್ ತಿರುಗಿಸುತ್ತೀರಿ, ಅದು ತಿರುಗುತ್ತದೆ ಕೂಡ. 'ಬಂತು' ಅಂದುಕೊಳ್ಳುತ್ತೀರಿ. ತಿರುಗುತ್ತಿರುವುದು ರಬ್ಬರ್ ಅಷ್ಟೇ. ಸುತ್ತಿಗೆಯಿಂದ ಜೋರಾಗಿ ಬಡಿದರೆ ಬಾಡಿಗೆ ಬೆಸೆದ ಹ್ಯಾಂಗರ್ (ಸ್ಪ್ರಿಂಗ್‌ನ ಮುಂದಿನ ತುದಿ ಕೂರುವ ಬ್ರಾಕೆಟ್) ಬಾಗುತ್ತದೆ, ಅದು ಬೋಲ್ಟ್‌ಗಿಂತ ದುಬಾರಿ ಪೆಟ್ಟು. ಅರ್ಧ ದಿನ ಎಣ್ಣೆ ಬಿಟ್ಟು ನೋಡಿ. ಆಗಲೂ ಜಗ್ಗದಿದ್ದರೆ ಸ್ಪ್ರಿಂಗ್ ಕಣ್ಣು (ಬೋಲ್ಟ್ ತೂರುವ ಸುರುಳಿ ತುದಿ) ಮತ್ತು ಹ್ಯಾಂಗರ್ ನಡುವಿನ ಸಂದಿಯಲ್ಲಿ ಎರಡೂ ಕಡೆ ಬೋಲ್ಟನ್ನೇ ಕೊಯ್ದುಬಿಡಿ. ಸ್ಪ್ರಿಂಗ್ ಕೆಳಗೆ ಇನ್ನೊಂದು ಜಾಕ್ ಅಥವಾ ದಿಮ್ಮಿ ಇರಲಿ. ಕಡೆಯ ಎಳೆ ತುಂಡಾದಾಗ ಅದು ನೇರ ಕೆಳಗೆ ಬರುತ್ತದೆ, ಕೆಳಗೆ ಸಾಮಾನ್ಯವಾಗಿ ನಿಮ್ಮ ಮುಖ ಇರುತ್ತದೆ.

ಸ್ಪ್ರಿಂಗ್ ಹೊರಗೆ ಬಂದ ಮೇಲೆ ಹ್ಯಾಂಗರ್ ಮತ್ತು ಶ್ಯಾಕಲ್ ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ. ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಚುಚ್ಚಿ ನೋಡಿ. ಒಳಗೆ ಹೋದರೆ ಸಸ್ಪೆನ್ಷನ್ ಕೆಲಸ ಇಲ್ಲಿಗೆ ನಿಲ್ಲಿಸಿ, ವೆಲ್ಡಿಂಗ್ ಮುಗಿದ ಮೇಲೆ ಮುಂದುವರಿಸಿ. ಬೇಜಾರಾಗುತ್ತದೆ ನಿಜ. ಆದರೆ ಆಕ್ಸಲ್ ಹಿಡಿದಿರುವುದು ಆ ತಗಡೇ. ಗಟ್ಟಿಯಿದ್ದರೆ ಪ್ರೈಮರ್, ಪೇಂಟ್ ಹೊಡೆದು ಒಣಗಲು ಬಿಡಿ.

ಒಣಗುವ ಹೊತ್ತಿಗೆ ಡ್ಯಾಂಪರ್

ಡ್ಯಾಂಪರ್ ಬಾಡಿಗೆ ಎರಡು ಬೋಲ್ಟ್‌ಗಳಲ್ಲಿ ಕೂತಿದೆ. ಬಿಚ್ಚಿ, ಕಾರಿನಲ್ಲಿದ್ದ ಭಂಗಿಯಲ್ಲೇ ನೆಟ್ಟಗೆ ವೈಸ್‌ನಲ್ಲಿ ಹಿಡಿಸಿ. ತೋಳನ್ನು ಈ ತುದಿಯಿಂದ ಆ ತುದಿಗೆ ನಿಧಾನ ಆಡಿಸಿ. ಎರಡೂ ದಿಕ್ಕಿನಲ್ಲಿ ಒಂದೇ ಸಮನೆ ತಡೆ ಸಿಗಬೇಕು, ಜೇನಿನಲ್ಲಿ ಸೌಟು ಆಡಿಸಿದ ಹಾಗೆ. ನಡುವೆ ಒಂದು ಕಡೆ ತಡೆಯೇ ಇಲ್ಲದೆ ಸಡಿಲಾದರೆ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ. ಮೇಲಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಕೊಳೆ ಒರೆಸಿ. ಒಳಗೆ ಬಿದ್ದ ಒಂದು ಮರಳ ಕಣ ವಾಲ್ವ್ ಕೆಡಿಸಬಲ್ಲದು. ಡ್ಯಾಂಪರ್ ಎಣ್ಣೆ ತುಂಬಿ, ತೋಳನ್ನು ಹತ್ತು ಹದಿನೈದು ಸಲ ಪೂರ್ತಿ ಆಡಿಸಿ, ಮತ್ತೆ ತುಂಬಿ. ತಡೆ ಮರಳಿ ಬಂದರೆ ಸರಿ.

ತೋಳಿನ ಶಾಫ್ಟ್ ಬುಡದಲ್ಲಿ ಎಣ್ಣೆ ಜಿನುಗುತ್ತಿದ್ದರೆ, ಶಾಫ್ಟ್ ಅಲ್ಲಾಡುತ್ತಿದ್ದರೆ ಮನೆಯಲ್ಲಿ ರಿಪೇರಿ ಆಗದು. ದುರಸ್ತಿ ಮಾಡಿದ ಜೋಡಿ ತರಿಸಿ. ಇದರ ಬದಲು ಉದ್ದ ಕೊಳವೆಯ ಆಧುನಿಕ ಶಾಕ್ ಹಾಕುವ ಕಿಟ್‌ಗಳೂ ಇವೆ. ನಾನು ಎರಡನ್ನೂ ಓಡಿಸಿದ್ದೇನೆ. ಸರಿಯಾಗಿರುವ ಲಿವರ್ ಡ್ಯಾಂಪರ್ ಈ ಕಾರಿಗೆ ಸಾಕು. ಜನ ಅದನ್ನು ಬೈಯುವುದು ಹೆಚ್ಚಾಗಿ ಒಳಗೆ ಎಣ್ಣೆ ಇಲ್ಲದಿರುವಾಗ.

ಮರಳಿ ಕಟ್ಟುವುದು

ಮುಂದಿನ ಬೋಲ್ಟ್‌ನ ದಂಡಕ್ಕೆ ತೆಳ್ಳಗೆ ತಾಮ್ರದ ಗ್ರೀಸ್ ಸವರಿ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ. ಆ ಗ್ರೀಸ್ ರಬ್ಬರಿಗೆ ತಾಗದಿರಲಿ. ರಬ್ಬರ್ ಒಳಗೆ ಹೋಗದಿದ್ದರೆ ಸೋಪಿನ ನೀರು ಸಾಕು, ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಮುಂದಿನ ಕಣ್ಣನ್ನು ಹ್ಯಾಂಗರ್‌ಗೆ ಸೇರಿಸಿ ಬೋಲ್ಟ್ ತೂರಿಸಿ. ನಟ್ ಕೈಯಲ್ಲಿ ತಿರುಗಿಸಿದಷ್ಟೇ. ಶ್ಯಾಕಲ್‌ಗೆ ಎರಡೆರಡು ಹೋಳಿನ ರಬ್ಬರ್ ಬುಷ್ ಕೂರಿಸಿ, ತಟ್ಟೆ ಹಾಕಿ, ಅದನ್ನೂ ಕೈಯಲ್ಲೇ.

ಈಗ ಸ್ಪ್ರಿಂಗ್ ಮೇಲೆ ರಬ್ಬರ್ ಪ್ಯಾಡ್ ಮತ್ತು ಅದರ ತಟ್ಟೆ ಇಟ್ಟು ಆಕ್ಸಲ್ಲನ್ನು ನಿಧಾನ ಕೆಳಗಿಳಿಸಿ. ಪಟ್ಟಿಗಳನ್ನು ಒಟ್ಟಿಗೆ ಹಿಡಿದ ನಡು ಬೋಲ್ಟ್‌ನ ತಲೆ ಆಕ್ಸಲ್‌ನ ತೂತಿನಲ್ಲಿ ಸರಿಯಾಗಿ ಕೂರಬೇಕು. ಕೂರದೆ ಅಂಚಿನ ಮೇಲೆ ನಿಂತಿದ್ದಾಗ ಯು ಬೋಲ್ಟ್ ಎಳೆದರೆ ಆಕ್ಸಲ್ ಸೊಟ್ಟಗೆ ಕಟ್ಟಿದಂತೆ. ಟಾರ್ಚ್ ಹಿಡಿದು ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಬಂಪ್ ಸ್ಟಾಪ್‌ನ ಪೀಠ ಆಕ್ಸಲ್ ಮೇಲೆ, ಅದರ ಮೇಲಿಂದ ಯು ಬೋಲ್ಟ್, ಕೆಳಗೆ ತಟ್ಟೆ, ನಟ್. ನಾಲ್ಕನ್ನೂ ಎದುರು ಬದುರಾಗಿ, ಒಂದೊಂದು ಸುತ್ತು ಬಿಗಿ ಮಾಡುತ್ತಾ ಬನ್ನಿ. ತಡೆಪಟ್ಟಿ, ಡ್ಯಾಂಪರ್, ಲಿಂಕ್ ಸೇರಿಸಿ. ಇನ್ನೊಂದು ಬದಿಗೂ ಇದೇ ಕತೆ, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಈಗ ನಾನು ಎಡವಿದ ಜಾಗ. ಮುಂದಿನ ಬುಷ್‌ನ ರಬ್ಬರ್ ಒಳ ಕೊಳವೆಗೂ ಹೊರ ಕೊಳವೆಗೂ ಅಂಟಿಕೊಂಡಿದೆ. ಅದು ಬೇರಿಂಗ್‌ನಂತೆ ತಿರುಗುವುದಿಲ್ಲ, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಮರಳುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಸ್ಪ್ರಿಂಗ್ ಯಾವ ಕೋನದಲ್ಲಿತ್ತೋ ಅದೇ ಅದಕ್ಕೆ ಆರಾಮದ ಭಂಗಿ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಕಾರು ಸುಮ್ಮನೆ ನಿಂತಿರುವಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಮೊದಲು ಕಾರನ್ನು ಎತ್ತಿ ಹಿಡಿಯುತ್ತದೆ, ಆಮೇಲೆ ಹರಿಯುತ್ತದೆ.

ಹಾಗಾಗಿ ಕಾರಿನ ಭಾರ ಸ್ಪ್ರಿಂಗ್ ಮೇಲೆ ಬರಲಿ. ಚಕ್ರ ಹಾಕಿ ಇಳಿಸಿದರೆ ಕೆಳಗೆ ತೂರಲು ಜಾಗ ಇರುವುದಿಲ್ಲ. ಅದಕ್ಕೆ ಸ್ಟ್ಯಾಂಡ್‌ಗಳನ್ನು ಬಾಡಿಯಿಂದ ತೆಗೆದು, ಆಕ್ಸಲ್ ಕೊಳವೆಯ ಎರಡು ತುದಿಗೆ, ಸ್ಪ್ರಿಂಗ್ ಹತ್ತಿರ ಇಟ್ಟು ಕಾರನ್ನು ಅದರ ಮೇಲೆ ಕೂರಿಸಿ. ಸ್ಪ್ರಿಂಗ್‌ಗೆ ಚಕ್ರವೂ ಒಂದೇ, ಸ್ಟ್ಯಾಂಡೂ ಒಂದೇ. ಡಿಕ್ಕಿಯ ಮೇಲೆ ಕೈಯಿಟ್ಟು ಮೆಲ್ಲಗೆ ನಾಲ್ಕು ಸಲ ಒತ್ತಿ ಬಿಡಿ, ಸ್ಟ್ಯಾಂಡ್ ಕದಲಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಟಾರ್ಕ್ ರೆಂಚ್ ಹಿಡಿದು ಮುಂದಿನ ಬೋಲ್ಟ್, ಶ್ಯಾಕಲ್, ಯು ಬೋಲ್ಟ್ ಎಲ್ಲವನ್ನೂ ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುವ ಅಳತೆಗೆ ಬಿಗಿ ಮಾಡಿ.

ಮೊದಲ ಓಡಾಟ ಹತ್ತಿರದಲ್ಲೇ ಇರಲಿ, ನಿಧಾನವಾಗಿ. ಹೊರಡುವ ಮೊದಲು ಬ್ರೇಕ್ ಪೆಡಲ್ ಒತ್ತಿ ನೋಡಿ, ಹೋಸ್ ಎಲ್ಲೂ ಉಜ್ಜುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. 150 ಕಿ.ಮೀ. ಆದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಿ. ರಬ್ಬರ್ ಪ್ಯಾಡ್ ಕುಗ್ಗಿ ಅವು ತುಸು ಸಡಿಲಾಗಿರುತ್ತವೆ. ಹೊಸ ಸ್ಪ್ರಿಂಗ್ ಕೂಡ ಅಷ್ಟು ಹೊತ್ತಿಗೆ ಒಂಚೂರು ಇಳಿದಿರುತ್ತದೆ.

ಆಗ ಹಳೆ ಚೀಟಿ ಹೊರತೆಗೆದು, ಅಷ್ಟೇ ಪೆಟ್ರೋಲ್ ಇರುವಾಗ, ಅದೇ ನೆಲದಲ್ಲಿ ಮತ್ತೆ ಅಳೆಯಿರಿ. ಎಡ ಬಲದ ನಡುವೆ ಎದ್ದು ಕಾಣುವ ವ್ಯತ್ಯಾಸ ಇದ್ದರೆ ತಕ್ಷಣ ಸ್ಪ್ರಿಂಗ್ ವಾಪಸ್ ಕಳಿಸಬೇಡಿ. ಎರಡೂ ಸ್ಪ್ರಿಂಗ್‌ಗಳನ್ನು ಅದಲು ಬದಲು ಮಾಡಿ ಅಳೆಯಿರಿ. ಕುಸಿತ ಸ್ಪ್ರಿಂಗ್ ಜೊತೆ ಆ ಬದಿಗೆ ಹೋದರೆ ತಪ್ಪು ಸ್ಪ್ರಿಂಗ್‌ನದ್ದು. ಇದ್ದಲ್ಲೇ ಉಳಿದರೆ ಮುಂದಿನ ಚಕ್ರಗಳ ಸ್ಪ್ರಿಂಗ್‌ಗಳನ್ನೂ, ಬಾಡಿಯನ್ನೂ ನೋಡಬೇಕು.