ಮೋಚಿ: ಮೊದಲು ಅಮುಕಿ ನಾದಿ, ಆಮೇಲೆ ಕುಟ್ಟಿ

ಜಪಾನಿನ ಹಳ್ಳಿಮನೆಗಳಲ್ಲಿ ಹೊಸ ವರ್ಷದ ಮೋಚಿ, ಅಂದರೆ ಅಂಟಕ್ಕಿಯ ಮುದ್ದೆ, ಕುಟ್ಟುವುದಕ್ಕೆ ಡಿಸೆಂಬರ್ 28 ಒಳ್ಳೆಯ ದಿನ. ತಪ್ಪಿದರೆ 30. 29 ಕಷ್ಟ ತರುವ ದಿನವೆಂದು ಹೆಚ್ಚಿನವರು ಬಿಡುತ್ತಾರೆ. 31ಕ್ಕೆ ಕುಟ್ಟಿದರೆ ವರ್ಷದ ದೇವರನ್ನು ಅವಸರದಲ್ಲಿ ಬರಮಾಡಿಕೊಂಡ ಹಾಗೆ. ದಿನ ನೋಡುವುದು ಈಗಿನ ಹುಡುಗರಿಗೂ ಗೊತ್ತು, ಹದ ನೋಡುವುದು ಗೊತ್ತಿಲ್ಲ. ಬೆಂದ ಅಕ್ಕಿ ಒರಳಿಗೆ ಬಿದ್ದದ್ದೇ ತಡ, ಕೀನೆ ಎಂಬ ಮರದ ಕುಟ್ಟುವ ಸುತ್ತಿಗೆ ಎತ್ತಿ ಧಡ್ ಎಂದು ಹೊಡೆಯುತ್ತಾರೆ! ಅಗುಳು ನಾಲ್ಕು ದಿಕ್ಕಿಗೆ ಹಾರುತ್ತದೆ, ತಿನ್ನುವಾಗ ಅರೆಬರೆ ಅಕ್ಕಿ ಹಲ್ಲಿಗೆ ಸಿಗುತ್ತದೆ. ನೋಡಿ ನೋಡಿ ಸಾಕಾಗಿದೆ.

ಅಕ್ಕಿ ಮೋಚಿಗೊಮೆ ಎಂಬ ಅಂಟಕ್ಕಿಯೇ ಆಗಬೇಕು. ಊಟದ ಅಕ್ಕಿಯನ್ನು ಎಷ್ಟು ಕುಟ್ಟಿದರೂ ಆ ಅಂಟು ಬರುವುದಿಲ್ಲ. ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಬುಟ್ಟಿಗೆ ಬಸಿದು ನೀರು ಪೂರ್ತಿ ಸೋರಲು ಬಿಡಿ. ಸೇಯಿರೋ ಎಂಬ ಮರದ ಹಬೆಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಹಬೆಗಿಡಿ. ಗಡಿಯಾರ ನೋಡಬೇಡಿ, ಎರಡು ಅಗುಳು ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ ತಾಗಬಾರದು. ಮರದ ಒರಳಿಗೆ ಹಿಂದಿನ ದಿನವೇ ನೀರು ತುಂಬಿಡಿ, ಕೀನೆಯ ತಲೆಯನ್ನೂ ನೆನೆಯಲು ಬಿಡಿ. ಅಕ್ಕಿ ಸುರಿಯುವ ಮುಂಚೆ ಬಿಸಿನೀರು ಹಾಕಿ ಒರಳನ್ನು ಬೆಚ್ಚಗೆ ಮಾಡಿ ಚೆಲ್ಲಿ.

ಇನ್ನು ಮುಖ್ಯ ಕೆಲಸ. ಸುರಿದ ಕೂಡಲೇ ಕೀನೆಯನ್ನು ಎತ್ತಲೇಬೇಡಿ. ಹಿಡಿಯನ್ನು ಸೊಂಟಕ್ಕೆ ಆನಿಸಿ, ಮೈಭಾರ ಹಾಕಿ ಅಮುಕಿ, ಸ್ವಲ್ಪ ತಿರುಚಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಅಮುಕಿ. ಹೀಗೆ ಒರಳಿನ ಸುತ್ತ ನಡೆಯುತ್ತಲೇ ಇರಬೇಕು. ನಡುನಡುವೆ ಅಂಚಿನದನ್ನು ಮಧ್ಯಕ್ಕೆ ಮಡಚಿ. ನೀರು ಹಾಕಬೇಡಿ, ಕೀನೆಯ ತಲೆ ಒದ್ದೆಯಿದ್ದರೆ ಸಾಕು. ಬಿಡಿ ಅಗುಳು ಕಾಣದೆ ಇಡೀ ರಾಶಿ ಒಂದೇ ಮುದ್ದೆಯಾಗಿ ಹೊರಳುವವರೆಗೆ ಬಿಡಬೇಡಿ. ಕೈ ನೋಯುತ್ತದೆ, ನೋಯಲಿ. ಮಾತಾಡುತ್ತ ನಿಂತು ಅಕ್ಕಿ ಆರಿತೋ, ಆಮೇಲೆ ಎಷ್ಟು ಬಡಿದರೂ ಅಗುಳು ಒಂದಾಗುವುದಿಲ್ಲ. ಹಿಂದೆ ಅಕ್ಕಪಕ್ಕದ ಮನೆಗಳು ಸೇರಿ ಸರದಿಯಲ್ಲಿ ಮಾಡುತ್ತಿದ್ದದ್ದು ಅದಕ್ಕೇ, ಒಬ್ಬರು ದಣಿದರೆ ಇನ್ನೊಬ್ಬರು ಕೈ ಕೊಡುತ್ತಿದ್ದರು.

ಈಗ ಕುಟ್ಟಿ. ಕೀನೆ ತನ್ನ ಭಾರಕ್ಕೆ ತಾನೇ ನಡುವೆ ಬೀಳಲಿ; ಒರಳಿನ ಅಂಚಿಗೆ ಬಡಿದರೆ ಮರದ ಸಿಬಿರು ಮೋಚಿಗೆ ಸೇರುತ್ತದೆ. ಏಟುಗಳ ನಡುವೆ ಮೋಚಿ ಮಗುಚುವವರು ಕೈಯನ್ನು ಒದ್ದೆ ಮಾಡಿಕೊಂಡರೆ ಸಾಕು. ನೀರು ಹೆಚ್ಚಾದರೆ ಮೋಚಿ ಜೋಲುತ್ತದೆ, ಬೇಗ ಬೂಸ್ಟು ಹಿಡಿಯುತ್ತದೆ. ಕಿವಿಯ ಹಾಲೆಯಷ್ಟು ಮೆತ್ತಗಾದರೆ ಹದ ಬಂತು. ದೇವರಿಗಿಡುವ ಕಗಾಮಿಮೋಚಿಯ ಎರಡು ಉಂಡೆಗಳನ್ನು ಪೂರ್ತಿ ಆರಿಸಿಯೇ ಒಂದರ ಮೇಲೊಂದು ಇಡಿ, ಬಿಸಿಯಲ್ಲಿ ಪೇರಿಸಿದರೆ ಕೆಳಗಿನದು ಚಪ್ಪಟೆಯಾಗುತ್ತದೆ.

 

ಒರಳನ್ನು ತೊಳೆದು ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಕಗಾಮಿಮೋಚಿಯನ್ನು ಹೆಚ್ಚಿನ ಕಡೆ ಜನವರಿ 11ಕ್ಕೆ ಒಡೆಯುತ್ತಾರೆ. ಚಾಕು ತಾಗಿಸಬಾರದು, ಮರದ ಸುತ್ತಿಗೆಯಿಂದಲೇ ಒಡೆಯಬೇಕು. ಚೂರುಗಳನ್ನು ಕೆಂಪು ಅಝುಕಿ ಕಾಳಿನ ಸಿಹಿ ಸಾರಿಗೆ ಹಾಕಿ. ವಯಸ್ಸಾದವರಿಗೆ, ಮಕ್ಕಳಿಗೆ ತೀರಾ ಚಿಕ್ಕ ತುಂಡು ಮಾಡಿ ಕೊಟ್ಟು, ತಿಂದು ಮುಗಿಸುವ ತನಕ ಪಕ್ಕದಲ್ಲೇ ಕೂತಿರಿ. ಮೋಚಿ ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.